ನೀರೊಳಗಿನ ಹೊಲಕ್ಕೆ ಚರಗ

ನಮ್ಮ ಮನೆಯ ಮುಂದಿನ ರಸ್ತೆಗೆ ಮೊನ್ನೆ ಡಾಂಬರು ಹಾಕಿದರು. ಮೊದಲೇ ಮುದ್ದೇಬಿಹಾಳದ ಬೇಸಿಗೆ, ಅದರ ಮೇಲೆ ಡ್ರಮ್ಮಿನಲ್ಲಿ ಕುದಿಯುವ ಡಾಂಬರು. ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ಬಾಗಿಲು ಹಾಕಿಕೊಂಡರೆ ನಾನೊಬ್ಬಳು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಎದುರು ಮನೆಯಾಕೆ ಈ ಟೀಚರಿಗೆ ಏನೋ ಆಗಿದೆ ಎಂದುಕೊಂಡಿರಬೇಕು. ಆಗಿದ್ದು ನಿಜ. ಆ ವಾಸನೆಗೆ ನನಗೆ ಕೃಷ್ಣೆಯ ಹಿನ್ನೀರಿನ ದಂಡೆ ನೆನಪಾಗಿತ್ತು. ಅಲ್ಲಿ ಕಾಕಾ ಬೋರಲು ಹಾಕಿದ ಹರಗೋಲಿನ ಬೆನ್ನಿಗೆ ಡಾಂಬರು ಬಳಿಯುತ್ತಿದ್ದರು. ಕಾಕು ನೀರಿಗೆ ಬೆನ್ನು ತಿರುಗಿಸಿ ಕೂತು ಜೋಳ ಹಸನು ಮಾಡುತ್ತಿದ್ದರು...

ಅವರಿಬ್ಬರೂ ನನಗೆ ಸಂಬಂಧಿಕರೇನಲ್ಲ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನಗೆ ಮೊದಲ ನೌಕರಿ ಸಿಕ್ಕಿದ್ದು ಬಸವನ ಬಾಗೇವಾಡಿ ತಾಲೂಕಿನ ಒಂದು ಹೊಸ ಊರಿನ ಶಾಲೆಯಲ್ಲಿ. ಹಳೆಯ ಊರು ಆಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ದಿಬ್ಬದ ಗರಸು ನೆಲದಲ್ಲಿ, ಬರೀ ಕಲ್ಲುಹರಳಿನ ಮೇಲೆ ಎಬ್ಬಿಸಿದ ಊರು ಅದು. ಗಿಡವಿಲ್ಲ, ನೆರಳಿಲ್ಲ, ಎಲ್ಲ ಮನೆಗೂ ಒಂದೇ ಮುಖ. ನಾನು ನೀರಿಲ್ಲದ ಇಂಡಿ ತಾಲೂಕಿನವಳು, ಕೊಡ ಹಿಡಿದು ಸರತಿ ನಿಂತು ಬೆಳೆದವಳು. ಅಷ್ಟು ನೀರನ್ನು ಒಂದೇ ಕಡೆ ನೋಡಿದ್ದು ಅದೇ ಮೊದಲು. ಆ ಊರಿನಲ್ಲಿ ನನಗೆ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟವರು ಈ ಗಂಡ ಹೆಂಡತಿ. ಒಬ್ಬಳೇ ಮಗಳನ್ನು ಸಿಂದಗಿಗೆ ಕೊಟ್ಟಿದ್ದರು. ಐವತ್ತರ ಹತ್ತಿರದ ಗಟ್ಟಿ ಆಳುಗಳು. ಕಾಕಾ ಮೇಲಿನ ಊರಿನವರ ಹೊಲವನ್ನು ಪಾಲಿಗೆ ಮಾಡುತ್ತಿದ್ದರು. ನಾನು ಕಾಕಾ, ಕಾಕು ಎನ್ನುತ್ತಿದ್ದೆ. ಅವರಿಗೆ ನಾನು ಶಾಲೆಯ ಅಕ್ಕೋರು.

ಆ ನೀರಿಗೆ ಕಾಕಾ ಸಮುದ್ರ ಎನ್ನುತ್ತಿದ್ದರು. ಸಮುದ್ರವನ್ನು ಅವರು ಕ್ಯಾಲೆಂಡರಿನಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಆದರೆ ಗಾಳಿ ಎದ್ದಾಗ ತೆರೆಗಳು ದಂಡೆಯ ಕಲ್ಲಿಗೆ ಬಡಿಯುತ್ತಿದ್ದವು, ಆಚೆ ದಂಡೆ ಮಸುಕಾಗಿ ಕಾಣಿಸದೇ ಹೋಗುತ್ತಿತ್ತು. ಅಷ್ಟಾದರೆ ಅವರಿಗೆ ಸಾಕು. ಬೆಳಿಗ್ಗೆ ತಂಬಿಗೆ ಹಿಡಿದು ಆ ಕಡೆ ಹೋದವರು ಬರುವಾಗ ಸುದ್ದಿ ಹೊತ್ತು ಬರುತ್ತಿದ್ದರು. ಯಾವುದೋ ಉದ್ದ ಕೊಕ್ಕಿನ ಹಕ್ಕಿ ಬಂದಿದೆ, ಮೀನು ಹಿಡಿಯುವ ತೆಲುಗು ಮಂದಿ ಗುಡಿಸಲನ್ನು ಒಂದು ಮಾರು ಮೇಲಕ್ಕೆ ಸರಿಸಿದ್ದಾರೆ, ಇತ್ಯಾದಿ.

“ಇವತ್ತ ಸಮುದ್ರ ಭಾಳ ಸಿಟ್ಟಿಗೆದ್ದೈತಿ ನೋಡ,” ಎಂದು ಅವರು ಅಂದರೆ ಒಲೆಯ ಮುಂದಿನಿಂದ ಕಾಕು ತಲೆಯೆತ್ತದೆ ಅನ್ನುತ್ತಿದ್ದರು: “ನೀವ್ಯಾವಾಗ ಸಮುದ್ರ ನೋಡೀರಿ? ಅದು ನಮ್ಮ ಹೊಲ.”

ಕಾಕು ಕೊನೆಯವರೆಗೂ ಅದನ್ನು ಹೊಲ ಎಂದೇ ಕರೆದರು. ನೀರು ಬಂತು ಎಂದವರಲ್ಲ, ‘ಹೊಲದ ಮ್ಯಾಲೆ ನೀರು ನಿಂತೈತಿ’ ಎನ್ನುತ್ತಿದ್ದರು. ಮಳೆ ಜಾಸ್ತಿಯಾದಾಗ ನಿಲ್ಲುತ್ತದಲ್ಲ, ಹಾಗೆ. ಆ ಕಡೆ ಮುಖ ಮಾಡಿ ಮಾತ್ರ ಕೂರುತ್ತಿರಲಿಲ್ಲ. ಕೂತರೆ ನೀರಿಗೆ ಬೆನ್ನೇ.

ಕಾಕಾ ಮೀನುಗಾರರ ಗೆಳೆತನ ಮಾಡಿ ಹರಗೋಲು ನಡೆಸುವುದನ್ನು ಕಲಿಯತೊಡಗಿದರು. ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಡಾಂಬರು ಬಳಿದ ಹೊದಿಕೆ, ಕೈಯಲ್ಲೊಂದು ಹುಟ್ಟು. ನೋಡಲು ಸುಲಭ. ಆದರೆ ಹೊಸಬರ ಕೈಯಲ್ಲಿ ಅದು ಮುಂದೆ ಹೋಗುವುದಿಲ್ಲ, ನಿಂತಲ್ಲೇ ತಿರುಗುತ್ತದೆ. ಕಾಕಾ ಹೀಗೆ ತಿರುಗಿ ತಿರುಗಿ ತಲೆ ಸುತ್ತಿ ಮನೆಗೆ ಬಂದು ಮಲಗಿದ ದಿನ ಕಾಕು ಬಿಡಲಿಲ್ಲ. “ಗಾಣದ ಎತ್ತು ಸುತ್ತಿದ್ರ ಎಣ್ಣಿನಾದ್ರೂ ಬರತೈತಿ. ನೀವು ಸುತ್ತಿದ್ರ ಏನು ಬಂತ್ರಿ?” ನಾನು ಕೋಣೆಯೊಳಗೆ ನಕ್ಕು ನಕ್ಕು ಸಾಕಾದೆ.

ಇನ್ನೊಬ್ಬರ ಬಗ್ಗೆ ಹೇಳಬೇಕು. ಕಾಕಾನ ತಮ್ಮನ ಹೆಂಡತಿ, ಕಾಕುಗೆ ನೆಗೆಣ್ಣಿ. ಹಳೆಯ ಊರಿನಲ್ಲಿ ಅಣ್ಣ ತಮ್ಮಂದಿರ ಹೊಲ ಒಂದಕ್ಕೊಂದು ತಾಗಿಕೊಂಡಿದ್ದವು. ಹೊಲದ ಬದುವನ್ನು ಯಾರು ಯಾರ ಕಡೆ ಒತ್ತಿದರು ಎಂಬುದರ ಮೇಲೆ ಇಬ್ಬರು ಹೆಂಗಸರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಹೊಲವೂ ಬದುವೂ ನೀರಿನ ತಳ ಸೇರಿದವು, ಜಗಳ ಮಾತ್ರ ಟ್ರ್ಯಾಕ್ಟರ್ ಹತ್ತಿ ಹೊಸ ಊರಿಗೆ ಬಂತು. ಮನೆ ಹಂಚುವಾಗ ಇಬ್ಬರಿಗೂ ಎದುರು ಬದುರೇ ಸಿಕ್ಕಿದ್ದವು. ಒಬ್ಬರು ಕಸ ಗುಡಿಸಲು ಬಂದರೆ ಇನ್ನೊಬ್ಬರು ಒಳಗೆ ಹೋಗುತ್ತಿದ್ದರು.

ಆ ಚಳಿಗಾಲ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಸಜ್ಜೆ ಕಡುಬು, ಸೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ ಎಲ್ಲ ಬುಟ್ಟಿಯಲ್ಲಿ ತುಂಬಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಆಮೇಲೆ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ತೆನೆ ಹೊತ್ತ ಭೂಮಿ ಬಸುರಿ ಹೆಂಗಸಿದ್ದ ಹಾಗೆ, ಅದಕ್ಕೆ ಮೊದಲು ಉಣಿಸಿ ನಾವು ಉಣ್ಣಬೇಕು.

ನೀರು ಬಂದ ಮೇಲಿನ ಮೊದಲ ಎಳ್ಳ ಅಮಾವಾಸ್ಯೆ ಅದು. ಊರಿನ ಹಿರಿಯರು ಗುಡಿಯ ಮುಂದೆ ಸೇರಿ, ಈ ವರ್ಷ ಹೊಸ ಊರಿನ ಪಕ್ಕದ ಬಯಲಿನಲ್ಲೇ ಎಲ್ಲರೂ ಕೂಡಿ ಚರಗ ಚೆಲ್ಲೋಣ ಎಂದು ತೀರ್ಮಾನಿಸಿದರು. ಕಾಕು ಒಪ್ಪಲಿಲ್ಲ. ನನ್ನ ಹೊಲಕ್ಕೇ ಚೆಲ್ಲುತ್ತೇನೆ ಎಂದು ಹಟ ಹಿಡಿದರು. ಒಬ್ಬ ಹಿರಿಯರು ಮನೆಯವರೆಗೂ ಬಂದು ಬುದ್ಧಿ ಹೇಳಿದರು. “ನೀರಿಗೆ ಯಾರಾದ್ರೂ ಚರಗ ಚೆಲ್ತಾರೇನವಾ ತಂಗಿ?”

“ನೀರಿಗ್ಯಾಕ ಚೆಲ್ಲಲ್ರಿ? ನೀರಿನ ಬುಡಕ ನಮ್ಮ ಹೊಲ ಐತಿ. ನಾ ಈ ಮನಿಗೆ ಸೊಸಿಯಾಗಿ ಬಂದಾಗಿಂದ ಒಂದ ವರ್ಷನೂ ಅದನ್ನ ಉಪಾಸ ಕೆಡವಿಲ್ಲ. ಈಗ ಮುಳುಗೇತಿ ಅಂತ ಬಿಟ್ಟಬಿಡಲೇನು?”

ಅವರ ದನಿ ಏರಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಹೇಳಿದ್ದರು. ಹಿರಿಯರು ಚಹಾ ಕುಡಿದು ಎದ್ದು ಹೋದರು. ಕಾಕಾ ಮಾತ್ರ ಗೋಡೆಗೊರಗಿ ಕೂತು ಮುಗುಳ್ನಗುತ್ತಿದ್ದರು. ತಲೆ ಸುತ್ತಿಸಿಕೊಂಡು ಕಲಿತ ವಿದ್ಯೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಅಮಾವಾಸ್ಯೆಯ ದಿನ ಮೂವರೂ ಹರಗೋಲಿನಲ್ಲಿ ಕೂತೆವು. ನನಗೆ ಈಜು ಬರುವುದಿಲ್ಲ, ಹರಗೋಲಿನ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದೆ. ಕಾಕು ಹೊಸ ಇಳಕಲ್ ಸೀರೆ ಉಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಸಲ ನೀರಿನ ಕಡೆಗೆ ಮುಖ ಮಾಡಿ ಕೂತಿದ್ದರು. ದೂರದಲ್ಲಿ ಒಣಗಿದ ಬನ್ನಿಗಿಡವೊಂದರ ತಲೆ ನೀರಿನಿಂದ ಮೇಲೆ ಕಾಣುತ್ತಿತ್ತು. ಕಾಕು ಅದರ ಕಡೆ ಕೈ ಮಾಡಿದರು. ಅದಲ್ಲ, ನಮ್ಮದು ಇನ್ನೂ ಎಡಕ್ಕೆ ಬರಬೇಕು ಎಂದು ಕಾಕಾ ಹೇಳಿ ನೋಡಿದರು.

“ನನ್ನ ಗಿಡದ ಗುರ್ತು ನನಗಿಲ್ಲೇನ್ರಿ? ಸುಮ್ನ ನಡಸ್ರಿ.”

ಕಾಕಾ ನಡೆಸಿದರು. ಗಿಡದ ಕೊಂಬೆಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಕಾಕು ಎದ್ದು ನಿಂತರು. ಹರಗೋಲು ವಾಲಾಡಿತು, ನಾನು ಅವರ ಸೆರಗು ಹಿಡಿದುಕೊಂಡೆ. “ಹುಲಿಗ್ಯೋ...” ಎಂದು ಕಾಕಾ ಚರಗದ ಕೂಗು ಹಾಕಿದರು. “ಚಲಾಂಬ್ರಿಗ್ಯೋ...” ಎಂದು ಕಾಕು ಓಗೊಟ್ಟು ಚರಗವನ್ನು ನೀರಿನ ಮೇಲೆ ಬೀಸಿ ಚೆಲ್ಲಿದರು. ಕಡುಬಿನ ಚೂರುಗಳು ಸ್ವಲ್ಪ ಹೊತ್ತು ತೇಲಿ ಒಂದೊಂದಾಗಿ ಕೆಳಗಿಳಿದವು. ಅವು ಇಳಿಯುವುದನ್ನು ಕಾಕು ಬಗ್ಗಿ ನೋಡುತ್ತಿದ್ದರು. ಆಮೇಲೆ ಅಲ್ಲೇ, ನೀರಿನ ನಡುವೆ, ಮೂವರೂ ಉಂಡೆವು. ಅಂಥ ರುಚಿಯ ಪುಂಡಿಪಲ್ಯ ನಾನು ಮತ್ತೆ ಉಂಡಿಲ್ಲ...

ಬೇಸಿಗೆಗೆ ನೀರು ಇಳಿಯಿತು. ಹಿನ್ನೀರು ಹಾಗೆಯೇ, ಮಳೆಗಾಲಕ್ಕೆ ಏರಿ ಬೇಸಿಗೆಗೆ ಹಿಂದೆ ಸರಿಯುತ್ತದೆ. ಮುಳುಗಿದ್ದ ಹೊಲಗಳು ಹಸಿ ಕೆಸರಾಗಿ, ಆಮೇಲೆ ಬಿರುಕು ಬಿಟ್ಟ ಕಪ್ಪು ಎರೆನೆಲವಾಗಿ ಮೇಲೆ ಬಂದವು. ಊರಿಗೆ ಊರೇ ತಂತಮ್ಮ ಹೊಲ ಹುಡುಕಲು ಇಳಿಯಿತು. ನಾನೂ ಕಾಕುವಿನ ಹಿಂದೆ ಹೋದೆ. ಅವರು ಆ ಬನ್ನಿಗಿಡದವರೆಗೆ ಸರಸರ ನಡೆದವರು ಒಮ್ಮೆಲೇ ನಿಂತರು. ಎರಡು ಹೊಲಗಳ ಗಡಿಯ ಬಾಂದಗಲ್ಲು ಗಿಡದ ಈಚೆಗೆ ಇತ್ತು. ಅಂದರೆ ಗಿಡ ನೆಗೆಣ್ಣಿಯದು. ಕಾಕುವಿನ ಸ್ವಂತ ಬನ್ನಿಗಿಡ ಅಷ್ಟು ದೂರದಲ್ಲಿ, ಎಡಕ್ಕೆ, ಬುಡ ಸಮೇತ ಕಿತ್ತು ಕೆಸರಿನಲ್ಲಿ ಮಲಗಿತ್ತು. ಹಟ ಹಿಡಿದು ಉಣಿಸಿದ ಕಡುಬು, ಹೋಳಿಗೆ, ಎಣ್ಣೆಗಾಯಿ ಎಲ್ಲವೂ ವೈರಿಯ ಹೊಲಕ್ಕೆ ಹೋಗಿತ್ತು!

ನೆಗೆಣ್ಣಿ ಅಲ್ಲೇ ಇದ್ದರು. ಸೊಂಟದ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವ ಹಾಗೆ ನಕ್ಕರು. “ನನ್ನ ಹೊಲಕ್ಕ ಹೊಟ್ಟಿ ತುಂಬ ಉಣಿಸೀದಿ ಬಿಡ ಯಕ್ಕಾ. ನಿನ್ನ ಕೈ ತಣ್ಣಗಿರಲಿ!”

ಅಷ್ಟು ವರ್ಷಗಳ ನಂತರ ಅವರು ಕಾಕುವಿಗೆ ಆಡಿದ ಮೊದಲ ಮಾತು ಅದು. ನೆರೆದವರೆಲ್ಲ ನಕ್ಕರು. ಕಾಕು ಸೀದಾ ದಿಬ್ಬ ಹತ್ತಿ ಮನೆಗೆ ಬಂದರು. ‘ನಾ ಹೇಳಿದ್ದೆ’ ಎಂದು ಕಾಕಾ ಬಾಯಿ ಬಿಟ್ಟದ್ದೇ ತಪ್ಪಾಯಿತು. ಆ ದಿನ ಅವರಿಗೂ ಊಟವಿಲ್ಲ, ನನಗೂ ಇಲ್ಲ. ನಕ್ಕದ್ದಕ್ಕಲ್ಲ ಕಾಕುವಿಗೆ ದುಃಖ. ತನ್ನ ಹೊಲ ಒಂದು ವರ್ಷ ಉಪವಾಸ ಬಿದ್ದಿತಲ್ಲ, ಅದಕ್ಕೆ. ಬಾಗಿಲಲ್ಲಿ ಕೂತು ಕಣ್ಣೊರೆಸಿಕೊಂಡರು.

ಆದರೆ ಕಾಕು ಅಳುತ್ತಾ ಕೂರುವ ಪೈಕಿ ಅಲ್ಲ. ಮಾರನೆಯ ದಿನವೇ ಗಂಡನ ಹೆಗಲ ಮೇಲೆ ಉದ್ದದ ಬಿದಿರಿನ ಗಳ ಹೊರಿಸಿಕೊಂಡು ಹೋದರು. ಬಿದ್ದ ಗಿಡದ ಪಕ್ಕದಲ್ಲಿ ಆಳವಾಗಿ ಗುಂಡಿ ತೋಡಿಸಿ, ಗಳ ನೆಟ್ಟು, ಸುತ್ತ ಕಲ್ಲು ಬಡಿದು, ತುದಿಗೆ ಕೆಂಪು ಅರಿವೆ ಕಟ್ಟಿಸಿದರು. ಮಳೆಗಾಲದಲ್ಲಿ ನೀರು ಏರುತ್ತಾ ಬಂದಂತೆ ಅವರ ಒಂದೇ ಚಿಂತೆ ಆ ಗಳ. ದಿನಾ ಶಾಲೆಯಿಂದ ಬಂದ ಕೂಡಲೇ ನನ್ನನ್ನು ಕೇಳುತ್ತಿದ್ದರು, ನಿಮ್ಮ ಕಣ್ಣು ಚುರುಕು ಅದಾವು, ಅರಿವಿ ಕಾಣತೈತೇನು ನೋಡ್ರಿ ಎಂದು. ಕಾಣುತ್ತಿತ್ತು. ಗಾಳಿಗೆ ವಾಲಿತ್ತು, ಆದರೆ ನಿಂತಿತ್ತು.

ಮತ್ತೆ ಎಳ್ಳ ಅಮಾವಾಸ್ಯೆ ಬಂತು. ಬುಟ್ಟಿ ತಯಾರಾಯಿತು. ಹೊರಡುವ ಹೊತ್ತಿಗೆ ಕಾಕು ನಮ್ಮನ್ನು ನಿಲ್ಲಲು ಹೇಳಿ, ದಾರಿ ದಾಟಿ ಎದುರು ಮನೆಯ ಹೊಸ್ತಿಲ ಮುಂದೆ ನಿಂತರು. ಅಕ್ಕಪಕ್ಕದ ಮನೆಗಳಲ್ಲಿ ಪಾತ್ರೆಯ ಸದ್ದು ನಿಂತಿತು. ಇವತ್ತು ಹೋಯ್ತು ಹಬ್ಬ, ಹೊಡೆದಾಟವೇ ಎಂದು ನಾನೂ ಎಣಿಸಿದೆ.

“ಹೋದ ವರ್ಷ ನಾ ನಿನ್ನ ಹೊಲಕ್ಕ ಉಣಿಸೇನಿ,” ಎಂದರು ಕಾಕು. “ಈ ವರ್ಷ ನೀ ನನ್ನ ಹೊಲಕ್ಕ ಉಣಿಸಬೇಕು. ಬುಟ್ಟಿ ತಗೊಂಡು ನಡಿ.”

ಅದು ಕರೆಯಲ್ಲ, ಅಪ್ಪಣೆ. ನೆಗೆಣ್ಣಿ ಅವರ ಮುಖ ನೋಡಿದರು. ಆಮೇಲೆ ಒಳಗೆ ಹೋದರು. ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಬಂದಾಗ ಸೊಂಟದ ಮೇಲೆ ಬುಟ್ಟಿಯಿತ್ತು.

ಅವತ್ತು ಕೆಂಪು ಅರಿವೆಯ ಗಳದ ಸುತ್ತ ಕಾಕಾ ಹರಗೋಲನ್ನು ಬೇಕೆಂದೇ ತಿರುಗಿಸಿದರು. ಇಬ್ಬರು ಹೆಂಗಸರೂ ಒಬ್ಬರ ತೋಳು ಒಬ್ಬರು ಹಿಡಿದು ನಿಂತು ಚೆಲ್ಲಿದರು. ಬರುವಾಗ ಬದುವಿನ ಮಾತು ಮತ್ತೆ ಎದ್ದು ದಂಡೆ ಮುಟ್ಟುವವರೆಗೂ ಜಗಳವಾಡಿದರು. ಆದರೆ ಮಾತು ಬಿಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ವರ್ಷ ಇಬ್ಬರೂ ಕೂಡಿಯೇ ಹೋದರು, ಪ್ರತಿ ವರ್ಷ ಜಗಳವಾಡಿಕೊಂಡೇ ಬಂದರು.

ಕೆಲವು ವರ್ಷಗಳಲ್ಲಿ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಮದುವೆ, ಮನೆ, ಮಕ್ಕಳು... ಹೋಗಿ ಬರುವುದು ಕಡಿಮೆಯಾಯಿತು. ಒಂದು ಶ್ರಾವಣದಲ್ಲಿ ಕಾಕು ಜ್ವರ ಬಂದು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣಾಗಿ ವಾರವಾಗಿತ್ತು. ಅವರ ಮನೆತನದವರನ್ನೆಲ್ಲ ತಲೆತಲಾಂತರದಿಂದ ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಆದರೆ ಆಗ ಹೊಲದ ಮೇಲೆ ತುಂಬಿದ ನೀರು. ಹೊಸ ಊರಿನ ಗರಸಿನಲ್ಲಿ ಗುದ್ದಲಿಗೆ ಕಿಡಿ ಹಾರುವ ನೆಲದಲ್ಲಿ ಜಾಗ ಮಾಡಿದ್ದರು. ಕಾಕಾ ನನ್ನ ಮುಂದೆ ಆಡಿದ್ದು ಒಂದೇ ಮಾತು: “ಆಕಿನ್ನ ಆಕಿ ಹೊಲದಾಗ ಇಡಾಕ ಆಗಲಿಲ್ಲರಿ ಅಕ್ಕೋರ.”

ಮೊನ್ನೆ ರಸ್ತೆಯ ಕೆಲಸ ಮುಗಿದ ಮಾರನೆಯ ದಿನ ಬಸ್ಸು ಹತ್ತಿ ಹೋದೆ. ಮನೆಗೆ ಬೀಗ. ಯಾರೋ ದಿಬ್ಬದ ಹಿಂದೆ ಕೈ ತೋರಿಸಿದರು. ಗರಸು ನೆಲದ ನಡುವೆ ಒಂದು ಸಮಾಧಿ ಮಾತ್ರ ಕಪ್ಪಗಿತ್ತು. ಕಾಕಾ ಬೆನ್ನು ಬಾಗಿಸಿ ಅದರ ಮೇಲೆ ಬುಟ್ಟಿಯಿಂದ ಎರೆಮಣ್ಣು ಸುರಿದು ಕೈಯಿಂದ ತಟ್ಟುತ್ತಿದ್ದರು. ಪ್ರತಿ ಬೇಸಿಗೆ ನೀರು ಇಳಿದ ಕೂಡಲೇ ಹೊಲಕ್ಕೆ ಹೋಗಿ ಮಣ್ಣು ತರುತ್ತಾರಂತೆ. ಮಳೆಗೆ ಕೊಚ್ಚಿಹೋಗುತ್ತದೆ, ಮತ್ತೆ ತರುತ್ತಾರೆ. ಆಕೆಯನ್ನು ಹೊಲಕ್ಕೆ ಒಯ್ಯಲು ಆಗಲಿಲ್ಲ, ಹೊಲವನ್ನಾದರೂ ತರುತ್ತೇನೆ ಎಂದರು.

ಅಷ್ಟರಲ್ಲಿ ನೆಗೆಣ್ಣಿ ಏದುಸಿರು ಬಿಡುತ್ತಾ ಇನ್ನೊಂದು ಬುಟ್ಟಿ ಹೊತ್ತು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬುಟ್ಟಿ ಇಳಿಸಿ ಅದನ್ನೂ ಅದೇ ಸಮಾಧಿಯ ಮೇಲೆ ಸುರಿದರು.

“ನೋಡ್ರಿ ಅಕ್ಕೋರ,” ಎಂದರು ಕಾಕಾ. “ಈಕಿ ತನ್ನ ಹೊಲದ ಮಣ್ಣೂ ತಂದು ಕೂಡಸ್ತಾಳ. ನನ್ನ ಬದು ಒತ್ತಿದಿ ಅಂತ ನಮ್ಮಾಕಿ ಎದ್ದು ಬಂದು ಜಗಳಾ ತಗೀತಾಳ ಅಂದ್ರೂ ಕೇಳಂಗಿಲ್ಲ.”

ನೆಗೆಣ್ಣಿ ಸೆರಗಿನಿಂದ ಮುಖ ಒರೆಸಿಕೊಂಡರು. ಮಣ್ಣಿನ ಹೆಂಟೆಯೊಂದನ್ನು ಬೆರಳುಗಳಿಂದ ಪುಡಿ ಮಾಡುತ್ತಾ, ನಮ್ಮ ಕಡೆ ನೋಡದೆ ಹೇಳಿದರು:

“ತಗೀಲಿ. ಒಮ್ಮ್ಯಾದ್ರೂ ಎದ್ದು ಬಂದು ತಗೀಲಿ.”