ಮೂವತ್ತೊಂದನೆಯ ತಾರೀಖಿನ ಪ್ರಸಂಗ

ನನಗೆ ಹೊಟ್ಟೆಕಿಚ್ಚು. ಚರ್ಚಿನ ಸಭಾಪಾಲಕನಾದವನು ಹೀಗೆ ಹೇಳಿಕೊಳ್ಳಬಾರದು, ಗೊತ್ತು. ಆದರೆ ಹಿರಿಯೂರಿನ ಸಭೆಯ ಪಾಲಕ ಸಮುವೇಲಯ್ಯನ ಹೆಸರು ಕಿವಿಗೆ ಬಿದ್ದರೆ ಸಾಕು, ಹಸಿಮೆಣಸಿನಕಾಯಿ ಕಡಿದಂತಾಗುತ್ತದೆ. ಇನ್ನೂ ಗಡ್ಡ ಸರಿಯಾಗಿ ಬಂದಿಲ್ಲ. ಬೈಬಲಿನ ಜ್ಞಾನೋಕ್ತಿಗಳ ಮೇಲೆ ಪ್ರಸಂಗ ಹೇಳಲು ನಿಂತನೆಂದರೆ ಹೊಳಲ್ಕೆರೆ, ಹೊಸದುರ್ಗದಿಂದಲೂ ಜನ ಬಸ್ಸು ಹತ್ತಿ ಬರುತ್ತಾರೆ. ನಾನು ನಿಂತರೆ ಚಿತ್ರದುರ್ಗದ ನನ್ನ ಸಭೆಯವರೇ ಗಡಿಯಾರ ನೋಡುತ್ತಾರೆ.

ಓದಿನಲ್ಲಿ ನಾನೇನು ಕಡಿಮೆಯಿಲ್ಲ. ಒಂದು ನುಡಿಗೆ ಮೂಲಭಾಷೆಯಲ್ಲಿ ಏನರ್ಥ, ಅದು ಹುಟ್ಟಿದ್ದು ಅರಮನೆಯಲ್ಲೋ ಅಂಗಳದಲ್ಲೋ, ಎಲ್ಲ ಬಿಡಿಸಿ ಹೇಳುತ್ತೇನೆ. ಒಮ್ಮೆ ಸೋಮಾರಿತನದ ಬಗ್ಗೆ ಹೀಗೆ ಬಿಡಿಸುತ್ತಿದ್ದಾಗ ಮುಂದಿನ ಬೆಂಚಿನ ಹಿರಿಯರೊಬ್ಬರು ಗೊರಕೆ ಹೊಡೆದರು.

ನಮ್ಮಲ್ಲೊಂದು ರೂಢಿ. ಜ್ಞಾನೋಕ್ತಿಗಳಿಗೆ ಮೂವತ್ತೊಂದು ಅಧ್ಯಾಯ, ತಾರೀಖಿಗೊಂದರಂತೆ ಓದುತ್ತೇವೆ. ಕೊನೆಯದರಲ್ಲಿ ಒಳ್ಳೆಯ ಗೃಹಿಣಿಯ ಗುಣಗಾನ. ಹಾಗಾಗಿ ಮೂವತ್ತೊಂದನೆಯ ತಾರೀಖಿನ ಮನೆ ಪ್ರಾರ್ಥನೆಗೆ ಹೆಂಗಸರಲ್ಲಿ ಭಾರಿ ಪೈಪೋಟಿ. ಅಂದು ಆ ಮನೆಯೊಡತಿಯನ್ನು ಹೊಗಳಲೇಬೇಕು! ಹೋದ ಮೇ ತಿಂಗಳಲ್ಲಿ ಆ ಸರದಿ ನನ್ನ ಹೆಂಡತಿ ಮಾರ್ಥಳಿಗೆ ಬಂತು. ನಾನು ವಾರದಿಂದಲೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

"ನೀವು ಬ್ಯಾಡ್ರಿ," ಎಂದುಬಿಟ್ಟಳು. "ಸಮುವೇಲಯ್ಯನೋರಿಗೆ ಹೇಳೀನಿ. ನಿಮ್ದು ದಿನಾ ಕೇಳೋದು ಇದ್ದೇ ಐತೆ."

ಆ ದಿನ ನಾನು ಊಟವನ್ನೇ ಸರಿಯಾಗಿ ಮಾಡಲಿಲ್ಲ. ನನ್ನ ಮನೆ, ನನ್ನ ಹೆಂಡತಿ, ಹೊಗಳುವವನು ಮಾತ್ರ ಅವನು!

ಅವನು ಒಂದು ತಾಸು ಮೊದಲೇ ಬಂದ. ಹೆಂಡತಿ ಗ್ರೇಸಿಯನ್ನು ನಡುಮನೆಯಲ್ಲಿ ಕೂರಿಸಿ ಸೀದಾ ಅಡುಗೆಮನೆಗೆ ಹೋದ. ಮಾರ್ಥ ಮಂಡಕ್ಕಿ ಒಗ್ಗರಣೆ ಮಾಡುತ್ತಿದ್ದಳು. "ಅಮ್ಮಾರೆ, ಈರುಳ್ಳಿ ಕೊಡ್ರಿ, ಹೆಚ್ತೀನಿ," ಎಂದು ಅವಳನ್ನು ಮಾತಾಡಿಸುತ್ತ ಕೂತೇಬಿಟ್ಟ. ಆಮೇಲೆ ಪ್ರಸಂಗದಲ್ಲಿ ಏನು ಹೇಳಿದ ಅಂತೀರಿ? ಹಿಂದೆ ನಾವು ತುರುವನೂರಿನಲ್ಲಿದ್ದಾಗ ಮಾರ್ಥ ಪಕ್ಕದ ಮನೆಯ ಬಾಣಂತಿಗೆ ದಿನವೂ ಗಂಜಿ ಕಾಯಿಸಿ ಕೊಟ್ಟದ್ದು. ನಾನು ಪ್ರಸಂಗ ಬರೆಯುವಾಗ ಗಲಾಟೆಯಾಗದಿರಲೆಂದು ಮಕ್ಕಳನ್ನು ಬಿಸಿಲಲ್ಲೇ ಹೊರಗೆ ಆಡಿಸುತ್ತಿದ್ದದ್ದು. ಎರಡನೆಯದು ನನಗೇ ಗೊತ್ತಿರಲಿಲ್ಲ. ಮಾರ್ಥ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಹಲ್ಲು ಕಚ್ಚಿಕೊಂಡು ಆಮೆನ್ ಎಂದೆ.

ಎಲ್ಲರೂ ಹೋದ ಮೇಲೆ ತಡೆಯಲಾಗಲಿಲ್ಲ. "ವ್ಯಾಖ್ಯಾನವೇ ಕಡಿಮೆಯಾಯಿತು," ಎಂದೆ.

"ಅದು ಬಿಡ್ರಿ. ಗ್ರೇಸಿ ಮುಖ ನೋಡಿದ್ರಾ? ಗಂಡ ಊರ ಹೆಂಗಸ್ರನ್ನೆಲ್ಲ ಹೊಗಳ್ತಾನೆ, ಆ ಹುಡುಗೀನ ಹೊಗಳೋಕೆ ಯಾರವ್ರೆ? ಜುಲೈ ಮೂವತ್ತೊಂದಕ್ಕೆ ಅವರ ಮನೇಲಿ ಪ್ರಾರ್ಥನೆ ಇಡಿಸ್ತೀನಿ, ನೀವೇ ಹೋಗ್ರಿ. ಟಿಪ್ಪಣಿ ಇಲ್ಲೇ ಬಿಟ್ಟು ಹೋಗ್ರಿ."

ಹೋದೆ. ಗ್ರೇಸಿಯ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿದೆ. ಮೊದಮೊದಲು ಆಕೆ ನಾಚಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಗಂಡ ಊರೂರು ತಿರುಗುವಾಗ ಮನೆಗೆ ಬಂದವರ ಕಷ್ಟವನ್ನೆಲ್ಲ ಕೇಳಿ, ತಾನೇ ಪ್ರಾರ್ಥಿಸಿ ಕಳುಹಿಸುವವಳು ಅವಳು. ಅದನ್ನೇ ಹೇಳಿದೆ. ಒಬ್ಬರೂ ಗಡಿಯಾರ ನೋಡಲಿಲ್ಲ. ಗ್ರೇಸಿ ಅತ್ತಳು. ಗೋಡೆಗೊರಗಿ ಕೂತಿದ್ದ ಸಮುವೇಲಯ್ಯ ಮಾತ್ರ ಹುಬ್ಬು ಗಂಟಿಕ್ಕಿಕೊಂಡಿದ್ದ.

ಬಸ್ ಸ್ಟ್ಯಾಂಡಿನವರೆಗೂ ಬಂದ. ನಾನು ಬಸ್ಸು ಹತ್ತುವಾಗ ಕೇಳಿದ: "ಎಲ್ಲಾ ಚೆನ್ನಾಗಿತ್ತು ಅಯ್ಯನೋರೆ. ವ್ಯಾಖ್ಯಾನ ಒಂಚೂರು ಕಮ್ಮಿ ಆತೇನೋ?"

ಪಾಪ, ಹುಡುಗ ಒಳ್ಳೆಯವನು. ಚಿತ್ರದುರ್ಗ ಬರುವವರೆಗೂ ನನ್ನ ನಗು ನಿಲ್ಲಲಿಲ್ಲ.