ಸಕಾರವೋ ನಕಾರವೋ

ಹಳೆಯ ಓಲೆಗರಿಯ ಲಿಪಿ ಓದಬಲ್ಲೆ ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನಗೆ ಬಂತು. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು ನಾನು. ಸಂಸ್ಕೃತ ಕಲಿತದ್ದು ನಲವತ್ತು ದಾಟಿದ ಮೇಲೆ. ಆ ವರ್ಷ ಮಳೆಗಾಲದ ನಾಲ್ಕು ತಿಂಗಳು ನೆಲಮಂಗಲದ ಬಳಿಯ ಬಸದಿಯಲ್ಲಿ ತಂಗಿದ್ದ ಹಿರಿಯ ಜೈನ ಮುನಿಗಳೊಬ್ಬರು ಹಳೆಯ ಗ್ರಂಥವೊಂದನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದರು. ಎಂದೋ ಒಬ್ಬ ಮುನಿ ಕಾವ್ಯದ ಗುಣದೋಷಗಳ ಬಗ್ಗೆ ಸಂಸ್ಕೃತದಲ್ಲಿ ಬರೆದದ್ದು. ಕೆಲವು ಗರಿಗಳ ಫೋಟೊ, ಜೊತೆಗೆ ತಾವು ಮಾಡಿದ ನಕಲು ಕಳಿಸಿ, ತಪ್ಪಿದ್ದರೆ ಗುರುತಿಸಲು ಹೇಳಿದ್ದರು.

ಒಂದು ಸಾಲಿನಲ್ಲಿ ನಾನು ಸಿಕ್ಕಿಬಿದ್ದೆ. ಹರ್ಷದಲ್ಲೋ ಶೋಕದಲ್ಲೋ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೆ 'ಸ ದೋಷಃ', ಅದು ದೋಷ, ಎಂದಿತ್ತು ನಕಲು. ಓಲೆಯಲ್ಲಿ ಆ ಮೊದಲ ಅಕ್ಷರದ ಬಹುಭಾಗವನ್ನು ಹುಳು ತಿಂದಿತ್ತು. ಹಳೆಯ ಬರಹದಲ್ಲಿ ಸಕಾರ, ನಕಾರ ಒಂದೇ ಥರ ಕಾಣುತ್ತವೆ, ಬಾಲವೊಂದೇ ವ್ಯತ್ಯಾಸ. 'ನ ದೋಷಃ', ದೋಷವಲ್ಲ, ಎಂದಾದರೆ ಅರ್ಥವೇ ತಿರುಗುಮುರುಗು.

ವಾರಗಟ್ಟಲೆ ಒದ್ದಾಡಿದೆ. ಒಂದು ಬೆಳಗ್ಗೆ ದೊಡ್ಡಬಳ್ಳಾಪುರದ ಹತ್ತಿರದ ಮಧುರೆ ಎಂಬ ಹಳ್ಳಿಯ ನಮ್ಮ ಮನೆಯ ಕೊಟ್ಟಿಗೆಯಿಂದ ಅವ್ವ ಕೂಗಿದಳು: "ಹೆಣ್ಗರು ಕಣೇ! ಹೆಣ್ಗರು! ಹೆಣ್ಗರು ಹಾಕ್ಬಿಡ್ತು!" ಮೂರು ಸಲ ಹೇಳಿದ್ದರಲ್ಲಿ ಒಂದನ್ನು ತೆಗೆದರೂ ಅವಳ ಸಂತೋಷ ಅಷ್ಟು ಕಡಿಮೆಯಾಗುತ್ತಿತ್ತು. ಕರುವನ್ನು ನೋಡಿ ಬಂದವಳೇ ನೆಲಮಂಗಲದ ಬಸ್ಸು ಹತ್ತಿದೆ.

ಮುನಿಗಳು ಬೆಳಗಾವಿ ಕಡೆಯವರು. ನಾನು ಕೈಮುಗಿದು, ಅದು 'ನ ದೋಷಃ' ಇರಬೇಕು ಅನ್ನಿಸುತ್ತದೆ ಎಂದೆ.

"ನಿಮಗ ಹಂಗ ಅನ್ನಿಸಿದ್ರ ಸಾಲಂಗಿಲ್ಲ," ಎಂದರು. "ಕಾರಣ ಹೇಳ್ರಿ."

"ಮುಂದಿನ ಉದಾಹರಣೆಯಲ್ಲಿ ಒಂದೇ ಪದ ಮೂರು ಸಲ ಬಂದಿದೆ, ಮುನಿ ಮಹಾರಾಜರೇ."

"ದೋಷಕ್ಕೂ ಉದಾಹರಣೆ ಕೊಡತಾರಲ್ರಿ?"

ತರ್ಕದಲ್ಲಿ ಪಳಗಿದವರೆದುರು ಸುಮ್ಮನೆ ಬಂದುಬಿಟ್ಟೆನೇ ಅನ್ನಿಸಿತು. ಆದರೂ ಬಿಡಲಿಲ್ಲ. "ಕೊಡ್ತಾರೆ. ಆದ್ರೆ ಉದಾಹರಣೆ ಆದ್ಮೇಲೆ, ಇದನ್ನು ಕೇಳಿದವರ ಮನಸ್ಸು ಕರಗುತ್ತೆ ಅಂತ ಅವರೇ ಬರೆದಿದ್ದಾರೆ. ದೋಷಕ್ಕೆ ಯಾರ ಮನಸ್ಸಾದ್ರೂ ಕರಗುತ್ತಾ?"

ಅವರು ಮೂಲ ಓಲೆಯ ಕಟ್ಟು ತರಿಸಿದರು. ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ತೂತಿನ ಅಂಚನ್ನು ತುಂಬ ಹೊತ್ತು ನೋಡಿದರು. ಫೋಟೊದಲ್ಲಿ ಕಾಣದಿದ್ದ ಕೂದಲೆಳೆಯಷ್ಟು ಗೀರೊಂದು ಅಲ್ಲಿ ಉಳಿದಿತ್ತು. ಕನ್ನಡಿಯನ್ನು ನನ್ನ ಕೈಗಿತ್ತರು. ನಕಾರದ ಬಾಲ!

"ಮೂವತ್ತು ವರ್ಷ ನಾ ಇದನ್ನ ತಪ್ಪು ಓದೇನಿ," ಎಂದು ಅವರು ಗಟ್ಟಿಯಾಗಿ ನಕ್ಕರು. ಆ ನಗುವಿನಲ್ಲಿ ಸೋಲು ಇರಲೇ ಇಲ್ಲ. ತಮ್ಮ ನಕಲಿನಲ್ಲಿ ಸಕಾರವನ್ನು ಹೊಡೆದು ನಕಾರ ಬರೆದರು. ಪಕ್ಕದಲ್ಲಿ ಹೀಗೆ ತಿದ್ದಿದವಳು ನಾನೆಂದೂ ಬರೆದರು. ನನಗೆ ಕುಣಿಯಬೇಕೆನಿಸಿತು, ಬಸದಿಯೆಂದು ಸುಮ್ಮನಿದ್ದೆ.

ಹೊರಡುವಾಗ ವ್ಯಾಕರಣದ ಇನ್ನೊಂದು ಓಲೆಕಟ್ಟನ್ನು ನನ್ನ ಮುಂದಿಟ್ಟರು. "ಇದನ್ನ ಯಾರೂ ಪೂರ್ತಿ ಓದಿಲ್ಲ. ನಕಲು ನೀವು ಮಾಡ್ರಿ. ತಪ್ಪು ನಾ ಹುಡುಕತೀನಿ."