ಅವ್ವ ಬಿಚ್ಚಿ ಕಟ್ಟಿದ ಮಣೆ

ಹಳೇ ಕುರ್ಚಿ ಬಿಚ್ಚುವಾಗ ಅದರ ಸಂದಿಗೆ ಬಿಸಿನೀರು ಬಿಟ್ಟರೆ ಒಂದು ವಾಸನೆ ಏಳುತ್ತದೆ. ಒದ್ದೆ ಚಪ್ಪಲಿಯದೋ, ಸೀದ ಬೆಲ್ಲದ ಪಾಕದ್ದೋ ಎಂದು ಹೇಳಲಾಗದ, ಮೂಗಿಗಿಂತ ಗಂಟಲಿಗೆ ಹೆಚ್ಚು ತಾಕುವ ವಾಸನೆ. ಅದು ಮರವಜ್ರದ್ದು. ಈಗ ಡಬ್ಬಿಯಲ್ಲಿ ಬಿಳಿ ಅಂಟು ಬರುತ್ತದಲ್ಲ, ಅದಕ್ಕೂ ಮುಂಚೆ ಮರಗೆಲಸದವರು ಕುದಿಸಿ ಹಚ್ಚುತ್ತಿದ್ದ ಅಂಟು. ಶಿಕಾರಿಪುರದಲ್ಲಿ ನನ್ನದೊಂದು ಹಳೇ ಮರದ ಸಾಮಾನಿನ ಅಂಗಡಿ ಇದೆ. ಕೆಲಸದವರು ಇಂಥ ಕುರ್ಚಿ ಬಿಚ್ಚಿದ ದಿನ ಗಿರಾಕಿಗಳು ಮೂಗಿಗೆ ಸೆರಗೋ ಕರ್ಚೀಫೋ ಹಿಡಿದು ದೂರ ನಿಲ್ಲುತ್ತಾರೆ. ನಾನು ಸೆರಗು ಸರಿಸಿ ಹತ್ತಿರ ಹೋಗಿ ನಿಲ್ಲುತ್ತೇನೆ. ಯಾಕೆಂದರೆ ಆ ವಾಸನೆಯೊಳಗೆ ನಮ್ಮ ಮನೆ ಇದೆ. ಸಂತೆ ಮೈದಾನದ ಹಿಂದಿನ ಓಣಿಯ ಸಣ್ಣ ಹೆಂಚಿನ ಮನೆ, ಸಗಣಿ ಸಾರಿಸಿದ ಸಪಾಟು ನೆಲ, ಒಲೆಯ ಮುಂದೆ ಸೆರಗು ಸಿಕ್ಕಿಸಿಕೊಂಡು ಕೂತ ಅವ್ವ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟ ಅಜ್ಜಿ. ಆ ಮನೆಯೂ ಇಲ್ಲ, ಅವರೂ ಇಲ್ಲ. ನಿಮಗೂ ಹೀಗೆ ಯಾವುದೋ ವಾಸನೆ ಕೈಹಿಡಿದು ಎಳೆದೊಯ್ಯುವ ಮನೆಯೊಂದು ಇದ್ದೀತು. ಇದ್ದರೆ ನಾನು ಹೇಳುವುದು ಬೇಗ ತಿಳಿಯುತ್ತದೆ.

ಅವ್ವನ ತವರು ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಕಡೆ, ಕಾಡಂಚಿನ ಹಳ್ಳಿ. ಅಲ್ಲಿ ಕದ ಮುರಿದರೆ, ಮಂಚದ ಕಾಲು ಅಲುಗಿದರೆ ಬಡಗಿಗೆ ಹೇಳಿ ಕಳಿಸಿ ಕಾಯುವ ಪದ್ಧತಿಯಿರಲಿಲ್ಲ. ಮನೆಯವರೇ ಕೂತು ಮಾಡಿಕೊಳ್ಳುತ್ತಿದ್ದರು. ಮದುವೆಯಾಗಿ ಬರುವಾಗ ಅವ್ವ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕೈಗರಗಸ, ಉಳಿ, ತೂತು ಕೊರೆಯುವ ಬೈರಿಗೆ ಇಟ್ಟುಕೊಂಡು ಬಂದಿದ್ದಳಂತೆ. ಅದನ್ನು ಅಜ್ಜಿ ಬಂದವರ ಮುಂದೆಲ್ಲ ಆಡಿಕೊಳ್ಳುವಳು. "ಮಂದಿ ಮನಿಗೆ ಸೊಸಿ ಬಂದ್ರೆ ಹಾರ್ಮೋನಿಯಂ ಬರ್ತೈತಿ, ನಮ್ಮ ಮನಿಗೆ ಗರಗಸ ಬಂತು ನೋಡ್ರಿ." ಅವ್ವ ತಲೆ ಎತ್ತದೆಯೇ, "ಹಾರ್ಮೋನಿಯಂ ಮ್ಯಾಲೆ ಪಾತ್ರಿ ಡಬ್ಬಾಕಾಕ ಬರಲ್ಲ ಅತ್ತೆ," ಅನ್ನುವಳು. ಪಾತ್ರೆ ಇಡುವ ಅಟ್ಟಣಿಗೆ, ನಾನು ಓದಲು ಕೂರುತ್ತಿದ್ದ ಇಳಿಜಾರು ಡೆಸ್ಕು, ಉಪ್ಪಿನ ಮರಿಗೆ, ಎಲ್ಲವೂ ಅವಳ ಕೈಯವೇ. ಅಪ್ಪನದು ಕಾಳುಕಡಿ ವ್ಯಾಪಾರ, ಸುಗ್ಗಿ ಬಂತೆಂದರೆ ಹಳ್ಳಿ ಮೇಲೆ ಇರುವವನು. ಮನೆಗೆ ಬಂದಾಗ ಅವ್ವ ಮಾಡಿದ್ದರ ಮೇಲೆ ಒಂದು ಸಲ ಕೂತು, "ಗಟ್ಟಿ ಐತಿ," ಅನ್ನುವುದಷ್ಟೇ ಅವನ ಪಾಲಿನ ಕೆಲಸ.

ಅಜ್ಜಿ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಹನಿ ನೀರು ಬಿಡುವವಳಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಳೆಂದರೆ ಓಣಿಯ ಗದ್ದಲವೂ ನಮ್ಮ ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ಮಂಡಿ ಹಿಡಿದುಕೊಂಡ ಮೇಲೆ ಕೂರುವುದು ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ಒಂದು ಕಡೆ ಅವ್ವ, ಒಂದು ಕಡೆ ನಾನು ರಟ್ಟೆ ಹಿಡಿದು ಎತ್ತಬೇಕು. ಎತ್ತಿಸಿಕೊಳ್ಳುವಾಗ ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಪೂಜೆ ಮಾಡಬಹುದಲ್ಲ ಎಂದು ಅಪ್ಪ ಅಂದರೆ, "ಅದೇನೋ ಬಸ್ಸಿನ್ಯಾಗ ಕುಂತಂಗ," ಎಂದು ತಳ್ಳಿಹಾಕಿದಳು. ಆಗಲೇ ಸೊರಬದಲ್ಲಿದ್ದ ಅಪ್ಪನ ಅಕ್ಕ, ನಮ್ಮ ಸೊರಬದತ್ತೆ, ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ್ದು: ಸೋಮವಾರ ಬರ್ತೀನಿ, ಅಜ್ಜಿಯ ಬಟ್ಟೆ ಗಂಟು ಕಟ್ಟಿಡಿ ಅಂತ. ಅವಳ ಮನೆಯ ಪಡಸಾಲೆಯಲ್ಲಿ ಮೊಣಕಾಲೆತ್ತರದ ಜಗಲಿ ಇತ್ತು. ಅದರ ಮೇಲೆ ಕಾಲು ಮಡಿಸಿ ಕೂರಬಹುದು, ಅಂಚಿಗೆ ಸರಿದು ಕಾಲು ಊರಿ ಯಾರ ಹಂಗಿಲ್ಲದೆ ಏಳಬಹುದು. ಅಜ್ಜಿ ಸೀರೆಗಳನ್ನು ಮಡಿಸಿ ಒಂದು ಕಡೆ ಇಟ್ಟಳು. ನನಗೋ, ಅಜ್ಜಿ ಹೋದರೆ ಯಾರ ಬೆನ್ನಿಗೆ ಆತು ಮಲಗಲಿ ಎಂಬ ಚಿಂತೆ. ಅವ್ವನ ಸಂಕಟ ಬೇರೆ. ಅಜ್ಜಿ ಮಗನ ಮನೆ ಬಿಟ್ಟು ಮಗಳ ಮನೆ ಸೇರಿದಳೆಂದರೆ ಓಣಿಯ ಕಣ್ಣೆಲ್ಲ ಸೊಸೆಯ ಮೇಲೆ. ಅದಕ್ಕಿಂತ ಹೆಚ್ಚಾಗಿ, ದಿನವಿಡೀ ಒಬ್ಬರನ್ನೊಬ್ಬರು ಚುಚ್ಚಿಕೊಂಡೇ ಅವರಿಬ್ಬರೂ ಒಗ್ಗಿಹೋಗಿದ್ದರು. ಆ ಮಾತಿಲ್ಲದ ಮನೆಯಲ್ಲಿ ಅವ್ವ ಏನು ಮಾಡಿಯಾಳು? ಅವಳು ಯಾರಿಗೂ ಏನೂ ಹೇಳದೆ ಮರ ಹುಡುಕಲು ಹೊರಟಳು.

ತೊಗರ್ಸಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ನನ್ನನ್ನು ಕರೆದುಕೊಂಡು ಅವ್ವ ಬಸ್ಸು ಹತ್ತಿದಳು. ಅಲ್ಲಿ ಗೋಡೆಗೆ ಒರಗಿಸಿದ್ದ ಹಲಸಿನ ಕದ ಕಂಡ ಕೂಡಲೇ ಅವಳ ಕಣ್ಣು ಬೆಳಗಿದ್ದನ್ನು ನಾನು ನೋಡಿದೆ. ಮಾರುವವನು ನೋಡಲಿಲ್ಲ, ಅಷ್ಟರಲ್ಲಿ ಅವ್ವ ಬೇರೆ ಕಡೆ ತಿರುಗಿಯಾಗಿತ್ತು. "ಬಾಗ್ಲು ಬೇಕೇನವ್ವ?" ಎಂದು ಅವನು. "ಬಾಗ್ಲು ತಗಂಡು ಏನ್ ಮಾಡ್ಲಿ, ನಮ್ಮ ಮನ್ಯಾಗ ಕದಿಯಾಕ ಏನೈತಿ. ಆ ಕಿಟಕಿ ಕೊಡ್ರಿ." ಸರಳು ಹೋದ ಆ ಕಿಟಕಿಯ ಮೇಲೆ ಇಬ್ಬರೂ ದಣಿಯುವಷ್ಟು ಚೌಕಾಸಿ ನಡೆಯಿತು. ಕೊನೆಗೆ ಎದ್ದು ಹೊರಡುವವಳಂತೆ ಸೀರೆ ಕೊಡವಿ, "ಹೆಂಗೂ ಗಾಡಿ ಮಾಡಬೇಕು, ಆ ಹುಳ ಬಿದ್ದ ಕದಾನೂ ಹಾಕ್ರಿ, ಒಲಿಗಾದ್ರೂ ಆದೀತು," ಅಂದಳು. ಅವನು ನಕ್ಕುಬಿಟ್ಟ. "ಹುಳ ಬಿದ್ದಿಲ್ಲ ತಾಯಿ, ನಿಮ್ಮ ಕಣ್ಣು ಬಿದ್ದೈತಿ. ತಗಂಡ್ ಹೋಗ್ರಿ." ನನ್ನ ವ್ಯಾಪಾರದ ಓದು ಅಲ್ಲಿಗೆ ಮುಗಿಯಿತು, ಆಮೇಲೆ ಕಲಿತದ್ದೆಲ್ಲ ಬರೀ ಅಭ್ಯಾಸ. ನೀವೂ ಹಳೇ ಮರ ಕೊಳ್ಳಲು ಹೋದರೆ ಬೇಕಾದ್ದನ್ನು ಮೊದಲು ಮುಟ್ಟಬೇಡಿ. ಬಣ್ಣ ನೋಡಬೇಡಿ, ಬೆರಳಗಣ್ಣಿನಿಂದ ತಟ್ಟಿ ಕೇಳಿ. ಟಣ್ ಅಂದರೆ ಮರ, ಡಬ್ ಅಂದರೆ ಅದು ಹುಳದ ಮನೆ. ಪುಕ್ಕಟೆ ಕೊಟ್ಟರೂ ಬೇಡ.

ಹಿತ್ತಿಲಲ್ಲಿ ಕದ ಹಲಗೆಯಾಯಿತು. ಅವ್ವ ಅಜ್ಜಿಯನ್ನು ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ, ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದು ಅಳತೆ ತೆಗೆದಳು. "ನಾನೇನು ಗ್ರಾಮದೇವತೆಯೇನೇ, ಸುತ್ತ ರಂಗೋಲಿ ಹಾಕಾಕೆ?" ಎಂದು ಅಜ್ಜಿ ಗೊಣಗಿದರೂ ಗೆರೆ ಮುಗಿಯುವ ತನಕ ಅಲುಗಲಿಲ್ಲ. ಮೊಣಕಾಲೆತ್ತರದ ಕಾಲುಗಳು, ಅಗಲವಾದ ಹಲಗೆ, ಬೆನ್ನಿಗೊಂದು ಆಸರೆ, ಏಳುವಾಗ ಹಿಡಿಯಲು ಬಲಗಡೆ ಒಂದು ಕೈ. ಹೆಸರಿಗೆ ಮಣೆ, ನಿಜಕ್ಕೂ ಒಬ್ಬಳೇ ಹೆಂಗಸಿಗೆ ಮಾಡಿದ ಜಗಲಿ. ಜೋಡಣೆ ಗಟ್ಟಿ ನಿಲ್ಲಲು ಏನು ಹಾಕಬೇಕೆಂದು ಕೇಳಿದಾಗ ಕಬ್ಬಿಣದ ಅಂಗಡಿಯವನು ಮರವಜ್ರದ ತುಂಡು ಕೊಟ್ಟ. ಕಂದುಗೆಂಪು ಬಣ್ಣ, ಬೆಳಕಿಗೆ ಹಿಡಿದರೆ ಹರಳಿನಂತೆ. ಅವ್ವನ ಊರಲ್ಲಿ ಹೊನ್ನೆ ಮರಕ್ಕೆ ಕತ್ತಿ ತಾಗಿದರೆ ರಕ್ತದಂಥ ಅಂಟು ಸುರಿದು ಒಣಗಿ ಹೀಗೇ ಹರಳಾಗುವುದು ಮಕ್ಕಳಿಗೂ ಗೊತ್ತು. ಇದೂ ಯಾವುದೋ ಮರದ್ದೇ ಅಂದುಕೊಂಡಳು. ಅಡುಗೆ ಒಲೆಯ ಮೇಲೆ ನೀರಿಟ್ಟು, ಅದರೊಳಗೆ ಸಣ್ಣ ಡಬ್ಬಿಯಿಟ್ಟು ಕುದಿಸಿದಳು. ಮನೆಯೆಲ್ಲ ಆ ವಾಸನೆ. ಅಜ್ಜಿ ಮೂಗು ಮುಚ್ಚಿಕೊಂಡು, "ಇದ್ಯಾವ ಮರನೇ, ನಾರತೈತಿ," ಅಂದಳು. "ಕಾಡಿನ ಮರ ಅತ್ತೆ, ಒಣಗಿದ್ರೆ ಹೋಗ್ತೈತಿ," ಅಂದಳು ಅವ್ವ.

ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಸೊರಬದತ್ತೆ, ಮಾವ ಇಬ್ಬರೂ ಬಂದರು. ಮಣೆ ಪಡಸಾಲೆಯಲ್ಲಿ ಸಿದ್ಧವಾಗಿತ್ತು. ಅಜ್ಜಿ ಮಿಂದು, ಹಣೆಗೆ ವಿಭೂತಿ ಧರಿಸಿ ಬಂದಳು. "ಪೂಜಿ ಇದರ ಮ್ಯಾಲೆ ಆದ್ರೆ ಇಲ್ಲೇ ಇರ್ತೀನಿ. ಇಲ್ಲಾಂದ್ರೆ ನಿನ್ನ ಜಗಲಿ ಇದ್ದೇ ಐತಿ," ಎಂದು ಮಗಳಿಗೆ ಎಲ್ಲರ ಮುಂದೆ ಹೇಳಿದಳು. ಮಾವ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ ಮಾಡುವವರು, ಮಣೆಯನ್ನು ಸವರಿ ನೋಡಿ ಮೆಚ್ಚಿದರು. ಆಮೇಲೆ ಬಗ್ಗಿ ಸಂದಿಯನ್ನು ಉಗುರಲ್ಲಿ ಕೆರೆದು ಮೂಸಿ, ಅವ್ವನ ಕಡೆ ತಿರುಗಿದರು. "ಮರವಜ್ರ ಹಾಕಿದ್ಯೇನಮ್ಮ ಶಾಂತಾ?" "ಹೌದ್ರಿ ಅಣ್ಣ, ಒಲಿ ಮ್ಯಾಲೆ ಕುದಿಸಿ ಹಾಕೀನಿ." "ಯಾವ ಒಲೆ?" "ಅಡಿಗಿ ಒಲಿ." ಮಾವ ಹೇಳಲೋ ಬೇಡವೋ ಎಂಬಂತೆ ಹೇಳಿದರು. "ಅದು ದನದ ಚಕ್ಕಳ, ಎಲುಬು ಬೇಯಿಸಿ ಮಾಡೋದು ಕಣಮ್ಮ."

ಅಜ್ಜಿ ಮುಂದಿಟ್ಟಿದ್ದ ಹೆಜ್ಜೆ ಹಿಂದಕ್ಕೆ ತೆಗೆದಳು. ಲಿಂಗವಂತರ ಮನೆ, ಆ ಒಲೆಯಲ್ಲಿ ಬೆಂದದ್ದನ್ನು ನಾವೆಲ್ಲ ಉಂಡಿದ್ದೆವು. ಯಾರಾದರೂ ಬೈದಿದ್ದರೆ ವಾಸಿಯಿತ್ತು, ಯಾರೂ ಬೈಯಲಿಲ್ಲ. ಸೊರಬದತ್ತೆ ಮೆಲ್ಲಗೆ ಅಜ್ಜಿಗೆ, "ಗೊತ್ತಿಲ್ದೆ ಆಗಿದ್ದು, ಹೋಗ್ಲಿ ಬಿಡವ್ವ. ಸಂಜೆ ಬಸ್ಸಿಗೆ ಹೊರಡೋಣ," ಅಂದಳು. ಅವ್ವ ಮಣೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲೇ ಕಲ್ಲು ಹೂಡಿ ಬೆಂಕಿ ಮಾಡಿ, ನೀರು ಕಾಯಿಸಿ, ಸಂದಿಸಂದಿಗೂ ಸುರಿದು, ಕೊಡತಿಯಿಂದ ತಟ್ಟಿ ಒಂದೊಂದೇ ಕಾಲು ಬಿಚ್ಚಿದಳು. ಬಿಚ್ಚಿದ್ದನ್ನು ನಾನು ಬಾವಿಕಟ್ಟೆಯ ಮೇಲೆ ಸಾಲಾಗಿಟ್ಟೆ. ಎಷ್ಟೋ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಅಜ್ಜಿ ಕೋಲೂರಿಕೊಂಡು ನಿಂತಿದ್ದಳು. ಬೆಳಗಿನಿಂದ ನೀರೂ ಕುಡಿದಿರಲಿಲ್ಲ.

"ಏನ್ ಮಾಡಾಕ ಹತ್ತೀಯೆ?"

"ಕೆತ್ತಿ ತೆಗೆದು, ಗೂಟ ಹೊಡೆದು ಕಟ್ತೀನಿ. ನಮ್ಮೂರಾಗ ಹಂಗೇ ಕಟ್ತಿದ್ರು. ಪ್ಯಾಟಿ ಸೊಸಿ ಆಗಾಕ ಹೋಗಿ ಅಂಟು ಹಚ್ಚಿದೆ."

"ಹೊಡಿ ಮತ್ತ. ಯಾಕ ಕುಂತಿ?"

"ಗೂಟಕ್ಕ ಗಂಡು ಬಿದಿರು ಬೇಕು ಅತ್ತೆ. ಟೊಳ್ಳು ಬಿದಿರು ಸೀಳತೈತಿ. ಸಂತಿ ತನಕ ಸಿಗಲ್ಲ." ಅವ್ವ ಕೊಡತಿಯನ್ನು ನೆಲಕ್ಕೆ ಹಾಕಿದಳು.

ಅಜ್ಜಿ ಬಾಗಿಲ ಚೌಕಟ್ಟಿಗೆ ಒಂದು ಕೈ ಆನಿಸಿ, ಇನ್ನೊಂದು ಕೈಯಲ್ಲಿದ್ದ ಕೋಲನ್ನು ಅವ್ವನ ಕಡೆ ಚಾಚಿದಳು. ವರ್ಷಗಟ್ಟಲೆ ಅಂಗೈಯಲ್ಲಿ ಆಡಿ ಎಣ್ಣೆ ಸವರಿದಂತೆ ಮಿಂಚುತ್ತಿದ್ದ ಕೋಲು. "ಇದು ಗಂಡು ಬಿದಿರೇ."

"ನಿಮ್ಮ ಕೋಲು, ಅತ್ತೆ."

"ಹೌದು. ಕೋಲಿಲ್ದೆ ಬಸ್ ಸ್ಟ್ಯಾಂಡ್ ತನಕ ಹೆಂಗ ನಡೀಲಿ, ಅದನ್ನ ನಿನ್ನ ನಾದಿನಿಗೆ ಕೇಳು."

ಅಜ್ಜಿ ಹೊಸ್ತಿಲ ಮೇಲೇ ಕೂತು ಷರತ್ತು ಹಾಕಿದಳು. ಚೌಕಾಸಿ ಅವ್ವನೊಬ್ಬಳ ಸ್ವತ್ತೇನಲ್ಲ ನಮ್ಮ ಮನೆಯಲ್ಲಿ. ಒಲೆ ಕಿತ್ತು ಹೊಸ ಮಣ್ಣಿನಲ್ಲಿ ಹಾಕಬೇಕು, ಅಂಟಿನ ಡಬ್ಬಿ ಮನೆಯೊಳಗೆ ಬರಬಾರದು, ಹಲಗೆಯನ್ನು ಹೊಸ ಹಳದಿ ಮರ ಕಾಣುವ ತನಕ ಕೆತ್ತಬೇಕು, ಕೊನೆಗೆ ವಿಭೂತಿ. ಅವ್ವ ಎಲ್ಲಕ್ಕೂ ಹ್ಞೂಂ ಅಂದಳು. ಅವಳು ಚೌಕಾಸಿ ಮಾಡದೆ ಒಪ್ಪಿದ ವ್ಯವಹಾರ ನಾನು ಕಂಡಂತೆ ಅದೊಂದೇ. ಸೊರಬದತ್ತೆ ಸೆರಗು ಸಿಕ್ಕಿಸಿ ಒಲೆಯ ಮಣ್ಣು ಕಲಸಲು ಕೂತಳು. ಮಾವ ಕೋಲನ್ನು ಕೊಯ್ದು ಗೂಟ ಕೆತ್ತಿದರು. ಅವ್ವ ಬೈರಿಗೆ ತಿರುಗಿಸಿದಳು, ನಾನು ಕಾಲು ಅಲುಗದಂತೆ ತಬ್ಬಿ ಹಿಡಿದೆ. ಇಳಿಹೊತ್ತಿಗೆ ಅಜ್ಜಿ ಮಣೆಯ ಮೇಲೆ ಕಾಲು ಮಡಿಸಿ ಕೂತು, ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದಳು. ಪೂಜೆ ಮುಗಿಸಿ ಅಂಚಿಗೆ ಸರಿದು, ಬಲಗೈ ಊರಿ, ತಾನೇ ಎದ್ದು ನಿಂತಳು. "ಅಲುಗ್ತೈತೇನ್ರಿ?" ಅಂದಳು ಅವ್ವ. "ಅಲುಗಿದ್ರೆ ನಿನ್ನ ಬಿಡ್ತಿದ್ನೇನು," ಅಂದಳು ಅಜ್ಜಿ. ಸಂಜೆ ಬಸ್ಸಿಗೆ ಇಬ್ಬರೇ ಹೋದರು.

ಈಗ ಅಂಗಡಿಗೆ ಬರುವವರು ಮನೆಯಲ್ಲೇ ಏನಾದರೂ ಮಾಡುತ್ತೇವೆ, ಒಳ್ಳೇ ಅಂಟು ಯಾವುದು ಹೇಳಿ ಅನ್ನುತ್ತಾರೆ. ಅಂಟನ್ನು ನೆಚ್ಚಬೇಡಿ, ಗೂಟ ಹೊಡೆಯಿರಿ ಅನ್ನುತ್ತೇನೆ. ನಮ್ಮ ಕಡೆಯ ಮಳೆಗಾಲಕ್ಕೆ ಅಂಟು ಸಡಿಲುತ್ತದೆ, ಬಿದಿರು ಉಬ್ಬಿ ಬಿಗಿಯುತ್ತದೆ. ಇನ್ನೊಂದು ಮಾತು: ತಪ್ಪಾದರೆ ಮುಚ್ಚಿ ಬಣ್ಣ ಬಳಿಯಬೇಡಿ, ಪೂರ್ತಿ ಬಿಚ್ಚಿ. ಬಿಚ್ಚಲು ನಾಚದವರು ಮಾತ್ರ ಕಟ್ಟಬಲ್ಲರು. ಇದನ್ನು ನನಗೆ ಯಾವ ಗುರುವೂ ಹೇಳಿಕೊಡಲಿಲ್ಲ, ಬಾವಿಕಟ್ಟೆಯ ಪಕ್ಕ ನಿಂತು ಕಂಡದ್ದು. ನಾನು ಉಣ್ಣುತ್ತಿರುವುದು ಇವತ್ತಿಗೂ ಆ ಇಬ್ಬರು ಹೆಂಗಸರು ಬಡಿಸಿದ ಅನ್ನವನ್ನೇ. ಓಣಿ ಅಗಲವಾದಾಗ ನಮ್ಮ ಮನೆ ರಸ್ತೆಗೆ ಹೋಯಿತು. ಈಗ ಅಲ್ಲಿ ಸಂತೆ ದಿನ ಕುರಿ ಏರಿಸಿದ ಟೆಂಪೋಗಳು ನಿಲ್ಲುತ್ತವೆ.

ಅಜ್ಜಿ ಆ ಮಣೆಯ ಮೇಲೆ ನನ್ನ ಹೈಸ್ಕೂಲು ಮುಗಿಯುವ ತನಕ ಪೂಜೆ ಮಾಡಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಕಳಿಸುತ್ತಾರೆ. ಅಜ್ಜಿ ತೀರಿದ ದಿನ ಅಪ್ಪ ಕೂರಿಸಲೆಂದು ಕುರ್ಚಿ ತರಲು ಹೊರಟಾಗ ಅವ್ವ ತಡೆದು, ಒದ್ದೆ ಬಟ್ಟೆಯಿಂದ ಮಣೆ ಒರೆಸಿ ಪಡಸಾಲೆಯ ನಡುವಿಗೆ ಎಳೆದಳು. ಅಜ್ಜಿ ಅದರ ಮೇಲೆ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದವರನ್ನೆಲ್ಲ ಎದುರುಗೊಳ್ಳುವವಳಂತೆ ಕೂತಿದ್ದಳು. ಮಣ್ಣು ಮುಗಿಸಿ ಗಂಡಸರು ಮಿಂದು ಬಂದು ಚದುರಿದ ಮೇಲೆ ಮನೆಯಲ್ಲಿ ನಾವು ಹೆಂಗಸರಷ್ಟೇ ಉಳಿದೆವು. ಅವ್ವ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಸೊರಬದತ್ತೆ ಬಹಳ ಹೊತ್ತು ಖಾಲಿ ಮಣೆಯ ಮುಂದೆ ನಿಂತಿದ್ದು, ಆಮೇಲೆ ಮೆಲ್ಲಗೆ ಅದರ ಮೇಲೆ ಕೂತಳು. ಕೂತವಳು ಒಂದು ಬದಿಗೆ ಸರಿದು, ಹಲಗೆಯನ್ನು ಅಂಗೈಯಿಂದ ತಟ್ಟಿ, "ಬಾರೆ ಶಾಂತಾ, ಇಬ್ಬರಿಗಾಗುತ್ತೆ," ಅಂದಳು. ಅವ್ವ ಎದ್ದು ಹೋಗಿ ಅವಳ ಪಕ್ಕ ಕೂತಳು.